ಕೆಂಪು ಗುರುತಿನ ಕಬ್ಬಿಣ

ಬಂದು ಕೂತುಕೊಳ್ಳಿ. ಗೋಡೆಗೆ ಒರಗಿದರೂ ಸರಿ, ತೂಕಡಿಸಬೇಡಿ. ಒಂದು ಮಠದಲ್ಲಿ ಶಿಷ್ಯನೊಬ್ಬ ಗುರುವನ್ನು ಕೇಳಿದ: "ಯಾರನ್ನೂ ನಂಬದವನಿಗೆ ಯಾರೂ ಮೋಸ ಮಾಡಲಾರರು, ಅಲ್ಲವೇ ಗುರುಗಳೇ?"

ಕೇಳಿದ್ದು ಸುಮ್ಮನಲ್ಲ. ಉಗ್ರಾಣದ ಬೀಗದಕೈ ಅವನ ಸೊಂಟಕ್ಕೆ ಬಂದು ತಿಂಗಳಾಗಿತ್ತು. ಅಡುಗೆಯವನ ಮೇಲೆ ಅನುಮಾನ ಹುಟ್ಟಿ, ತುಪ್ಪದ ಗಾಜಿನ ಭರಣಿಗೆ ವಿಭೂತಿಯಿಂದ ಗೆರೆ ಎಳೆದಿಟ್ಟಿದ್ದ. ಬೆಳಗ್ಗೆ ಎದ್ದರೆ ಮೊದಲು ಆ ಗೆರೆಯ ದರ್ಶನ, ಆಮೇಲೆ ದೇವರದು.

ಗುರುಗಳು ಭರಣಿಯ ಸುದ್ದಿ ಎತ್ತಲಿಲ್ಲ. ಕತೆ ಹೇಳಿದರು.

ಒಬ್ಬ ರೈತನಿದ್ದ. ಅವನಿಗೊಂದು ಸಣ್ಣ ಟ್ರ್ಯಾಕ್ಟರ್ ಇತ್ತು. ತಗ್ಗಿನ ಹೊಲದಲ್ಲಿ ಅರಿಶಿನ ಹಾಕುತ್ತಿದ್ದ. ಹಿಂದಿನ ವರ್ಷ ನೀರು ನಿಂತು ಗಡ್ಡೆಯೆಲ್ಲ ಕೊಳೆತಿತ್ತು. ಈ ಸಲ ಮಳೆ ಹಿಡಿಯುವ ಮೊದಲು ನೀರು ಹೊರಹೋಗಲು ಕಾಲುವೆ ತೋಡಲೇಬೇಕು, ಇಲ್ಲವಾದರೆ ಈ ಬೆಳೆಯೂ ಹೋದಂತೆ. ದೊಡ್ಡ ಜೆಸಿಬಿ ಆ ಕಿರಿದಾದ ದಾರಿಯಲ್ಲಿ ಬರುವಂತಿರಲಿಲ್ಲ. ತನ್ನ ಟ್ರ್ಯಾಕ್ಟರಿನ ಹಿಂದೆಯೇ ಮಣ್ಣು ಅಗೆಯುವ ತೋಳೊಂದನ್ನು ಕೂರಿಸೋಣವೆಂದು ಪಕ್ಕದೂರಿನ ವೆಲ್ಡರ್ ಹತ್ತಿರ ಹೋದ.

ವೆಲ್ಡರ್ ಟ್ರ್ಯಾಕ್ಟರನ್ನು ಎರಡು ಸುತ್ತು ಬಂದ, ಕೆಳಗೆ ಬಗ್ಗಿ ನೋಡಿದ, ಬೇಕಾದ ಕಬ್ಬಿಣ ಹೇಳಿದ. ಕೊನೆಗೆ, "ಎರಡು ದಪ್ಪ ತೊಲೆ ತನ್ನಿ. ಗಾಡಿಯ ಹೊಟ್ಟೆಯ ಕೆಳಗೆ, ಹಿಂದಿನಿಂದ ಮುಂದಿನ ಚಕ್ರದವರೆಗೆ" ಎಂದ.

ರೈತನ ಹುಬ್ಬು ಗಂಟಾಯಿತು. ತೋಳು ಇರುವುದು ಹಿಂದೆ, ಮುಂದಕ್ಕೆ ಕಬ್ಬಿಣ ಯಾಕೆ? ಈ ಆಸಾಮಿ ಮನೆ ಬೇರೆ ಕಟ್ಟಿಸುತ್ತಿದ್ದಾನೆ. ಎರಡು ತೊಲೆ ಅಲ್ಲಿಗೇ ಹೋಗುವುದು ಖಂಡಿತ. ಕಬ್ಬಿಣ ತಂದ, ಆದರೆ ತುಂಡುತುಂಡಿಗೂ ಕೆಂಪು ಬಣ್ಣದ ಗುರುತು ಹಾಕಿಯೇ ಇಳಿಸಿದ.

ಕೆಲಸ ಶುರುವಾಯಿತು. ರೈತ ಎದುರಿಗೇ ಕಲ್ಲಿನ ಮೇಲೆ ಕೂತ.

"ಯಜಮಾನ್ರೇ, ಬೆಂಕಿ ನೋಡಬೇಡಿ. ಆ ಕಡೆ ತಿರುಗಿ ಕೂತುಕೊಳ್ಳಿ" ಎಂದ ವೆಲ್ಡರ್, ತನ್ನ ಮುಖಕ್ಕೆ ಕಪ್ಪು ಗಾಜು ಹಿಡಿದು.

"ಹೌದಪ್ಪಾ, ನಾನು ಆ ಕಡೆ ತಿರುಗಿದರೆ ನಿನಗೆ ಅನುಕೂಲ!"

ಬೇಡವೆಂದಷ್ಟೂ ಅವನಿಗೆ ಅನುಮಾನ. ಸಂಜೆಯವರೆಗೂ ಕಣ್ಣು ಕೀಳದೆ ನೋಡಿದ. ದೀಪ ಹಚ್ಚುವ ಹೊತ್ತಿಗೆ ಕಣ್ಣಿಗೆ ಬಿಸಿ ಮರಳು ತುಂಬಿದಂತಾಯಿತು. ರೆಪ್ಪೆ ತೆರೆಯಲಾಗದು, ನೀರು ನಿಲ್ಲದು.

"ಏನೋ ಎರಚಿದೆ ಕಣೋ ನನ್ನ ಕಣ್ಣಿಗೆ!"

"ಆ ಬೆಂಕಿಯ ಬೆಳಕನ್ನು ಬೆಳಗ್ಗೆಯಿಂದ ನೀವೇ ತುಂಬಿಕೊಂಡಿರಿ. ಗಾಡಿ ಇಲ್ಲೇ ಇರಲಿ. ಕೈ ಕೊಡಿ, ಮನೆ ಮುಟ್ಟಿಸುತ್ತೇನೆ."

ದಾರಿಯಲ್ಲಿ ಕಟ್ಟೆಯಿಲ್ಲದ ಬಾವಿಯೊಂದಿತ್ತು. ಅದರ ಅಂಚಿನಲ್ಲಿ ಒಬ್ಬರ ಹಿಂದೆ ಒಬ್ಬರು ಹೋಗುವಷ್ಟೇ ಜಾಗ. ರೈತ ಆ ಕೈಯನ್ನು ಎರಡೂ ಕೈಯಿಂದ ಬಿಗಿಹಿಡಿದು ದಾಟಿದ.

ಕಣ್ಣಿಗೆ ಒದ್ದೆ ಬಟ್ಟೆ ಕಟ್ಟಿ ಮಲಗಿಸಿದರು. ಮಲಗಿದವನಿಗೆ ಕಬ್ಬಿಣದ್ದೇ ಚಿಂತೆ. ತಾನು ಕಣ್ಣು ಬಿಡುವ ತನಕ ಕೆಲಸ ನಿಲ್ಲಲಿ ಎಂದು ಹೆಂಡತಿಯ ಕೈಲಿ ಹೇಳಿಕಳಿಸಿದ. ಕೆಲಸ ನಿಂತಿತು. ಮೂರನೆಯ ದಿನ ಹೋಗಿ ನೋಡಿದರೆ ಕೆಂಪು ಗುರುತಿನ ಒಂದು ತುಂಡೂ ಕಡಿಮೆಯಿಲ್ಲ. ಅದನ್ನು ಕಂಡು ಅವನ ಅನುಮಾನ ಇನ್ನೂ ಹೆಚ್ಚಿತು. ಇಷ್ಟೊಂದು ಸರಿಯಾಗಿದೆ ಅಂದರೆ ಏನೋ ಇದೆ!

ಮತ್ತೆ ಕೆಲಸ ಶುರುವಾದಾಗ ಬೆನ್ನು ತಿರುಗಿಸಿ ಕೂತ, ಕಿವಿ ಮಾತ್ರ ಆ ಕಡೆಗೇ. ನಾಲ್ಕು ದಿನದಲ್ಲಿ ತೋಳು ಸಿದ್ಧವಾಯಿತು. ತೊಲೆಗಳಿನ್ನೂ ಗೋಡೆಗೆ ಒರಗಿದ್ದವು.

"ಇವು ಬೇಡ. ತೋಳು ಕೂರಿಸಿಕೊಡು, ಸಾಕು" ಎಂದ ರೈತ.

"ತೋಳಿನ ಎಳೆತವನ್ನು ತೊಲೆ ಹೊರಬೇಕು ಯಜಮಾನ್ರೇ. ಇಲ್ಲದಿದ್ದರೆ ಗಾಡಿಯ ನಡು ಮುರಿಯುತ್ತದೆ. ತೊಲೆಯಿಲ್ಲದೆ ನಾನು ಕೂರಿಸುವುದಿಲ್ಲ."

ಸಿಕ್ಕಿಬಿದ್ದ ಕಳ್ಳ, ಅದಕ್ಕೇ ಹಟ, ಅಂದುಕೊಂಡ ರೈತ. ಎಲ್ಲವನ್ನೂ ಟ್ರೈಲರಿಗೆ ಹೇರಿಕೊಂಡು ಮನೆಗೆ ಹೋಗಿ, ತಾನೇ ಬೋಲ್ಟು ಬಿಗಿದು ತೋಳು ಕೂರಿಸಿದ. ತೊಲೆಗಳನ್ನು ಮಂಚದ ಕೆಳಗೆ ತಳ್ಳಿದ.

ಕಾಲುವೆ ಅರ್ಧವಾಗಿತ್ತು. ತೋಳಿನ ತುದಿಯ ಬಕೆಟ್ಟು ಒಂದು ಬೇರಿಗೆ ಸಿಕ್ಕಿತು. ರೈತ ಹಿಡಿಕೆಯನ್ನು ಜಗ್ಗಿ ಎಳೆದ. ತೋಳು ಬಾಗಲಿಲ್ಲ, ಒಂದು ಬೆಸುಗೆಯೂ ಬಿಡಲಿಲ್ಲ. ಟ್ರ್ಯಾಕ್ಟರಿನ ನಡು ಬಿರಿದು ಎಣ್ಣೆ ಸುರಿಯಿತು.

ವಾರದೊಳಗೆ ಮಳೆ ಹಿಡಿಯಿತು. ಅರಿಶಿನ ಆ ವರ್ಷವೂ ಕೊಳೆಯಿತು. ವೆಲ್ಡರ್ ಅಂಥ ತೋಳನ್ನು ಇನ್ನೂ ನಾಲ್ವರಿಗೆ ಮಾಡಿಕೊಟ್ಟ, ತೊಲೆ ಸಮೇತ. ಅವು ಈಗಲೂ ಅಗೆಯುತ್ತಿವೆ. ರೈತನ ಹೆಂಡತಿ ಮಂಚದ ಕೆಳಗೆ ಗುಡಿಸುವಾಗೆಲ್ಲ ತೊಲೆಗೆ ಕೈ ತಾಗಿಸಿಕೊಂಡು ಗೊಣಗುತ್ತಾಳೆ. ರೈತ ಮಾತ್ರ, ತಾನು ಕಣ್ಣು ಮುಚ್ಚಿದ್ದ ಆ ಎರಡು ದಿನದಲ್ಲಿ ವೆಲ್ಡರ್ ಗಾಡಿಗೆ ಏನೋ ಮಾಡಿದ್ದಾನೆ ಎಂದು ಇವತ್ತಿಗೂ ಸಿಕ್ಕಸಿಕ್ಕವರಿಗೆ ಹೇಳುತ್ತಾನೆ.

ಶಿಷ್ಯ ಬಿಡಲಿಲ್ಲ. "ಆದರೂ ಗುರುಗಳೇ, ಅವನ ಕಬ್ಬಿಣ ಒಂದು ತುಂಡೂ ಕಳುವಾಗಲಿಲ್ಲವಲ್ಲ."

"ಬಾವಿಯ ಅಂಚಿನಲ್ಲಿ ಹಿಡಿದ ಕೈಗೆ ಮಾತ್ರ ಅವನು ಕೆಂಪು ಗುರುತು ಹಾಕಿರಲಿಲ್ಲ" ಎಂದರು ಗುರುಗಳು.

ಒಳಗಿನಿಂದ ಅಡುಗೆಯವನು, "ಎಲೆ ಹಾಕಿದೆ, ಬನ್ನಿ" ಎಂದು ಎರಡು ಸಲ ಕೂಗಿದ. ಶಿಷ್ಯ ಎದ್ದು, ಅವನು ಬಡಿಸಿದ ಎಲೆಯ ಮುಂದೆ ಹೋಗಿ ಕೂತ.