ಏಡಿ ತಂದ ಒಂದು ಹಿಡಿ ಮಣ್ಣು

ಎರಡು ಊರಿನವರು ನೀರಿಗಾಗಿ ತಲೆ ಒಡೆದುಕೊಂಡು, ಕೊನೆಗೆ ರಾಜಿಯಾಗಿ, ಸೇರಿ ಒಂದು ಕೆರೆ ಕಟ್ಟಿದರು. ನೀರಿಗೆ ಬಂದವರು ಯಾವ ಊರಿನವರೇ ಆಗಲಿ, ಹೋಗುವಾಗ ಏರಿಯ ಮೇಲೆ ಒಂದು ಹಿಡಿ ಮಣ್ಣು ಹಾಕಿ, ಮೆಟ್ಟಿ ಹೋಗಬೇಕೆಂದು ಕಟ್ಟಳೆ ಮಾಡಿಕೊಂಡರು.

ಎಷ್ಟೋ ವರ್ಷಗಳ ಮೇಲೆ, ಆ ಏರಿಯಲ್ಲೇ ಬಿಲ ತೋಡಿಕೊಂಡು ಮರಿಗಳೊಂದಿಗೆ ವಾಸವಾಗಿದ್ದ ಏಡಿ ಒಂದು ದಿನ ಕೇಳಿತು: "ಏರಿಯೇ, ಮನುಷ್ಯರ ಈ ರಾಜಿ ಶಾಶ್ವತವೇ?"

"ನನಗೆ ಗೊತ್ತಿಲ್ಲ," ಎಂದಿತು ಏರಿ. "ಮೊದಲು ಕಟ್ಟಿದವರ ಮಣ್ಣು ಎಂದೋ ಕೊಚ್ಚಿಹೋಯಿತು. ಈಗ ನನ್ನ ಮೈಯಲ್ಲಿರುವುದು ಅವರ ಮೊಮ್ಮಕ್ಕಳು ತಂದದ್ದು. ಅವರೆಲ್ಲರ ಋಣದಲ್ಲಿ ನಿಂತಿದ್ದೇನೆ."

ಏಡಿ ನಕ್ಕಿತು. "ಎರಡೂರಿನ ರಾಜಿಗೇ ದಿನಾ ರಿಪೇರಿ ಬೇಕೆಂದರೆ, ಇನ್ನು ಲೋಕದ ಶಾಂತಿಯ ಗತಿಯೇನು? ಉಳಿಯದ ವಸ್ತುವಿಗೆ ನಾನೇಕೆ ಮರ್ಯಾದೆ ಕೊಡಲಿ?" ಎಂದು ಬಿಲವನ್ನು ಇನ್ನಷ್ಟು ಆಳಕ್ಕೆ ಕೊರೆಯಿತು.

ಅಂದೇ ಜೋರು ಮಳೆ ಬಂತು. ಕೆರೆ ತುಂಬಿ, ಏಡಿಯ ಬಿಲಕ್ಕೇ ನೀರು ನುಗ್ಗಿ, ಏರಿಯ ಆಚೆ ಬದಿಗೆ ಚಿಮ್ಮಿತು. ಮರಿಗಳು ಕೊಚ್ಚಿಹೋಗುವಂತಾದಾಗ ಏಡಿ ಗಾಬರಿಬಿದ್ದು, ಸಿಕ್ಕಿದ ಮಣ್ಣನ್ನೆಲ್ಲ ಕೊಂಡಿಗಳಲ್ಲಿ ಬಾಚಿ ತಂದು ಬಿಲದೊಳಗೆ ತುರುಕಿತು. ಮಣ್ಣು ಗಟ್ಟಿಯಾಗಿ ಕೂತಿತು. ನೀರು ನಿಂತಿತು. ಮರಿಗಳು ಉಳಿದವು.

"ಬದುಕಿದೆವು!" ಎಂದು ಏಡಿ ಏದುಸಿರು ಬಿಟ್ಟಿತು. "ಇನ್ನು ಯಾವತ್ತೂ ಭಯವಿಲ್ಲ ತಾನೆ?"

"ಇವತ್ತಿಗೆ ಇಲ್ಲ," ಎಂದಿತು ಏರಿ. "ನಿನ್ನಿಂದ ದೊಡ್ಡ ಉಪಕಾರವಾಯಿತು, ತಾಯಿ. ನಿನ್ನ ಮಣ್ಣೂ ಈಗ ನನ್ನ ಮೈಯಲ್ಲಿದೆ. ನಾಳೆಯೂ ಒಂದು ಹಿಡಿ ತಾ."