ಮಾದಿಮಡಿಲು

ನೀಲಗಿರಿಯ ಪಡುವಣ ಅಂಚಿನಲ್ಲಿ, ಹುಲ್ಲಷ್ಟೇ ಬೆಳೆಯುವ ಒಂದು ಬೋಳು ಇಳಿಜಾರಿದೆ. ಪುಷ್ಯಮಾಸದ ಬೆಳಗಿನಲ್ಲಿ ಅಲ್ಲಿಯ ಇಬ್ಬನಿ ಹೆಪ್ಪುಗಟ್ಟಿ, ಹಳ್ಳದಿಂದ ನೆತ್ತಿಯವರೆಗೆ ಗುಡ್ಡವೆಲ್ಲ ಸುಣ್ಣ ಬಳಿದಂತೆ ಬೆಳ್ಳಗಾಗುತ್ತದೆ. ಅಷ್ಟು ಬಿಳುಪಿನ ನಡುವೆ ಒಂದೇ ಒಂದು ಕಡೆ ಹುಲ್ಲು ಹಸಿಯಾಗಿ, ಕಪ್ಪಾಗಿ ಉಳಿದಿರುತ್ತದೆ. ಎದುರು ಗುಡ್ಡದಿಂದ ಫೋಟೋ ತೆಗೆದವರು ಆಮೇಲೆ ಅದನ್ನು ನೋಡಿ ತಬ್ಬಿಬ್ಬಾಗುತ್ತಾರೆ. ಮೋಡದ ನೆರಳೆನ್ನೋಣವೆಂದರೆ ಆಕಾಶ ತಿಳಿಯಾಗಿರುತ್ತದೆ. ಕೆಲವರಿಗೆ ಅದು ಮಲಗಿದ ಎಮ್ಮೆಯಂತೆ, ಕೆಲವರಿಗೆ ಮುರಿದ ದೋಣಿಯಂತೆ ಕಾಣುತ್ತದೆ. ಊರಿನವರಿಗೆ ಮಾತ್ರ ಅದು ಕಾಲು ಮಡಚಿ ಕುಳಿತ ಹೆಣ್ಣುಮಗಳ ಮಡಿಲು. ಅದರ ಹೆಸರೇ ಮಾದಿಮಡಿಲು.

ಹಿಂದೆ ಒಮ್ಮೆ, ಈ ಬೆಟ್ಟಗಳಿಗೆ ರಸ್ತೆಯಿಲ್ಲದಿದ್ದ ಕಾಲದಲ್ಲಿ, ಹಟ್ಟಿ ಇದ್ದದ್ದು ಕೆಳಗಿನ ಹಳ್ಳದ ಪಕ್ಕದಲ್ಲಿ. ನೀರು ಬಾಗಿಲಿಗೇ ಬರುತ್ತದೆಂದು ಹಿರಿಯರು ಅಲ್ಲಿ ಮನೆ ಕಟ್ಟಿದ್ದರು. ಆದರೆ ಬೆಟ್ಟದ ಚಳಿಯೂ ಜಾರಿ ಬಂದು ಆ ತಗ್ಗಿನಲ್ಲಿಯೇ ತಂಗುತ್ತಿತ್ತು. ಸಾಮೆಯ ಪೈರು ಸುಟ್ಟಂತೆ ಕರಕಾಗುತ್ತಿತ್ತು, ಕರುಗಳು ಸೆಟೆದು ಬೀಳುತ್ತಿದ್ದವು. ಹಟ್ಟಿಯ ಯಜಮಾನ ಜೋಗಿಗೌಡನ ಸೊಸೆ ಮಾದಿ, ಎರಡು ಚಳಿಗಾಲದಲ್ಲಿ ಎರಡು ಎಳೆಗೂಸುಗಳನ್ನು ಕಳೆದುಕೊಂಡಳು. ಎರಡನೆಯದನ್ನು ಮಣ್ಣು ಮಾಡಿ ಬಂದ ಮರುಬೆಳಿಗ್ಗೆ ಅವಳು ಮನೆಯಲ್ಲಿ ಕೂರಲಾರದೆ ಗುಡ್ಡ ಹತ್ತಿದಳಂತೆ. ಬರಿಗಾಲು ಮಂಜಿನಲ್ಲಿ ಮರಗಟ್ಟಿತ್ತು. ಅರ್ಧ ದಾರಿಯಲ್ಲಿ ಇದ್ದಕ್ಕಿದ್ದಂತೆ ಕಾಲಿಗೆ ಮೆತ್ತನೆಯ ಒದ್ದೆ ಹುಲ್ಲು ಸಿಕ್ಕಿತು. ನಾಲ್ಕು ಹೆಜ್ಜೆ ಹಿಂದೆ ಬಂದರೆ ಮತ್ತೆ ಮಂಜು. ಮಾದಿ ಅಲ್ಲೇ ಕುಳಿತು, ಬಿಳುಪು ನಿಂತ ಗೆರೆಯನ್ನು ಬಹಳ ಹೊತ್ತು ನೋಡಿದಳು. ಅದು ಇನ್ನೊಂದು ದಿನವೂ ಅಲ್ಲೇ ನಿಲ್ಲುತ್ತದೆಯೇ ಎಂದು ತಿಳಿಯಲು ಗೆರೆಯ ಮೇಲೊಂದು ಕಲ್ಲಿಟ್ಟಳು.

ಮರುದಿನವೂ ಮಂಜು ಆ ಕಲ್ಲಿನ ಬಳಿಯೇ ನಿಂತಿತ್ತು. ಹಟ್ಟಿಯನ್ನು ಮೇಲಕ್ಕೆ, ಆ ಜಾಗಕ್ಕೆ ಸಾಗಿಸೋಣವೆಂದು ಅವಳು ಹೇಳಿದಾಗ ಗಂಡಸರು ನಕ್ಕರು. ನೀರು ಬಿಟ್ಟು ಯಾರು ಗುಡ್ಡ ಹತ್ತುತ್ತಾರೆ? ಮಕ್ಕಳನ್ನು ಕಳೆದುಕೊಂಡವಳು, ಏನೋ ಹೇಳುತ್ತಾಳೆ ಎಂದು ಹೆಂಗಸರೂ ಸುಮ್ಮನಾದರು. ಮಾದಿ ಮಾತ್ರ ಮಂಜು ಬಿದ್ದ ಪ್ರತಿ ಬೆಳಿಗ್ಗೆಯೂ ಬಿಸಿಲು ಏರುವ ಮುನ್ನ ಹೋಗಿ ಗೆರೆಯುದ್ದಕ್ಕೂ ಕಲ್ಲಿಡುತ್ತಾ ಬಂದಳು. ಕಲ್ಲಿಡತೊಡಗಿದ ಮೂರನೆಯ ಚಳಿಗಾಲದಲ್ಲಿ ನಾದಿನಿ ತವರಿಗೆ ಹೆರಿಗೆಗೆ ಬಂದಳು. ಕೂಸು ಹುಟ್ಟಿದ ಐದನೆಯ ದಿನ ಅದರ ತುಟಿ ನೀಲಿಗಟ್ಟತೊಡಗಿತು. ಬೆಳಗಾಗುತ್ತಲೇ ಮಾದಿ ಮಾವನ ಮುಂದೆ ಹೋಗಿ ನಿಂತಳು.

"ಒಂದು ಸಲ ನನ್ನ ಜೊತೆ ಬನ್ನಿ ಮಾವ. ಕೆರ ಇಲ್ಲೇ ಬಿಡಿ."

ಜೋಗಿಗೌಡ ಕಾಲಿನ ಕೆರ ಕಳಚಿಟ್ಟು ಅವಳ ಹಿಂದೆ ಹೊರಟ. ಹಲ್ಲು ಕಚ್ಚಿಕೊಂಡು ಆ ಬಿಳಿ ಹುಲ್ಲಿನ ಮೇಲೆ ನಡೆದ. ಕಲ್ಲಿನ ಸಾಲು ದಾಟಿದೊಡನೆ ನಿಂತುಬಿಟ್ಟ. ಬಗ್ಗಿ ಅಂಗೈಯನ್ನು ನೆಲಕ್ಕೆ ಒತ್ತಿ ನೋಡಿದ.

"ಎಷ್ಟು ದಿನದಿಂದ ಇಡ್ತಿದ್ದೀಯ ಈ ಕಲ್ಲು?"

"ಇದು ಮೂರನೇ ಚಳಿಗಾಲ."

"ನನಗೆ ಹೇಳಬಾರದಿತ್ತೇನಮ್ಮ?"

"ಹೇಳಿದ್ದೆ ಮಾವ. ನಿಮಗೆ ಕೇಳಿಸಿದ್ದು ಇವತ್ತು."

ಅಂದು ಮಧ್ಯಾಹ್ನದೊಳಗೆ ಅಲ್ಲೊಂದು ಹುಲ್ಲಿನ ಗುಡಿಸಲು ಎದ್ದಿತು. ಬಾಣಂತಿಯನ್ನು ಕಂಬಳಿಯಲ್ಲಿ ಹೊತ್ತು ತಂದರು. ಮಾದಿ ಕೂಸನ್ನು ಮಡಿಲಲ್ಲಿಟ್ಟುಕೊಂಡು ಮೂರು ದಿನ ಕದಲಲಿಲ್ಲ. ನಾಲ್ಕನೆಯ ದಿನ ಅದು ಬಾಯ್ತುಂಬ ಅತ್ತು ಹಾಲು ಕುಡಿಯಿತು. ಬೇಸಿಗೆಯ ಹೊತ್ತಿಗೆ ಹಟ್ಟಿಯೇ ಮೇಲಕ್ಕೆ ಬಂತು. ಹಳ್ಳದಿಂದ ನೀರು ಹೊರುವವರಲ್ಲಿ ಮಾದಿಯೇ ಮೊದಲಿಗಳಾಗಿರುತ್ತಿದ್ದಳು. ಅವಳಿಗೆ ಮತ್ತೆ ಮಕ್ಕಳಾಗಲಿಲ್ಲ. ಆದರೆ ಆ ಮೇಲೆ ಹಟ್ಟಿಯಲ್ಲಿ ಹುಟ್ಟಿದ ಪ್ರತಿ ಕೂಸನ್ನೂ ಮೊದಲು ಅವಳ ಮಡಿಲಿಗೆ ಹಾಕುತ್ತಿದ್ದರು ಎನ್ನುತ್ತಾರೆ.

ರಸ್ತೆ ಬಂದ ಮೇಲೆ ಹಟ್ಟಿ ಅದರ ಬದಿಗೆ ಹೋಯಿತು, ಇಳಿಜಾರಿನಲ್ಲಿ ಮತ್ತೆ ಹುಲ್ಲು ಬೆಳೆಯಿತು. ಮಂಜೇಕೆ ಅಲ್ಲಿ ಬೀಳದೆಂದು ಕೇಳಿದರೆ, ಒಳಗೆ ಬೆಚ್ಚನೆಯ ಬಂಡೆಯಿದೆ ಎನ್ನುವವರಿದ್ದಾರೆ, ಗಾಳಿಯ ದಾರಿ ಎನ್ನುವವರಿದ್ದಾರೆ. ಹತ್ತಿರ ಹೋದವರಿಗೆ ಹುಲ್ಲಿನಲ್ಲಿ ಅರ್ಧ ಹೂತ ಕಲ್ಲಿನ ಸಾಲು ಈಗಲೂ ಸಿಗುತ್ತದೆ. ಎಲ್ಲವೂ ಒಂದು ಕೈಯಲ್ಲಿ ಎತ್ತಬಹುದಾದವು. ಮೇಲಿನ ತುದಿಯಲ್ಲಿ ಮಾತ್ರ ಇಬ್ಬರು ಸೇರಿದರೂ ಅಲುಗದ ಒಂದು ಗುಂಡುಕಲ್ಲಿದೆ. ಅದನ್ನು ಜೋಗಿಗೌಡ, ಆ ವಯಸ್ಸಿನಲ್ಲಿ, ಹಳ್ಳದಿಂದ ಒಬ್ಬನೇ ಹೊತ್ತು ತಂದು ಸೊಸೆಯ ಕಲ್ಲುಗಳ ಸಾಲಿನಲ್ಲಿ ಇಟ್ಟನಂತೆ.