ಬುದವಂತಿ ಕಡಲಿನಿಂದ ದಿಬ್ಬಣ ತಂದದ್ದು

ಹಿಂದೆ, ಬಹಳ ಹಿಂದೆ, ಹೊಳೆಗೆ ಸೇತುವೆ ಇಲ್ಲದ ಕಾಲದಲ್ಲಿ, ಅಳಿವೆಕೋಣಿ ಎಂಬ ಒಂದೂರಲ್ಲಿ ಬುದವಂತಿ ಅಂತ ಒಬ್ಬಳಿದ್ದಳು. ಬುಧವಾರ ಹುಟ್ಟಿದವಳು, ಅದಕ್ಕೆ ಆ ಹೆಸರು. ಹೊಳೆ ಕಡಲು ಸೇರುವ ಅಳಿವೆಯ ಬಾಯಲ್ಲೇ ಅವಳ ಬಿಡಾರ. ನೀರು ಇಳಿದಾಗ ಮೊಣಕಾಲುದ್ದ ನೀರಲ್ಲಿ ನಿಂತು ಬಳಚಿನ ಚಿಪ್ಪು ಹೆಕ್ಕುವುದು ಅವಳ ಕಸುಬು. ಹೆಕ್ಕಿ ಹೆಕ್ಕಿ ಅವಳ ಅಂಗಾಲಿಗೇ ಕಣ್ಣು ಬಂದಿತ್ತು ಅನ್ನುತ್ತಾರೆ. ಮರಳು ನಿನ್ನೆ ಎಲ್ಲಿತ್ತು, ಇವತ್ತು ಎಲ್ಲಿಗೆ ಸರಿದಿದೆ, ನಾಳೆ ಎಲ್ಲಿ ದಿಬ್ಬ ಕಟ್ಟುತ್ತದೆ, ಎಲ್ಲ ಅವಳ ಕಾಲಿಗೆ ಗೊತ್ತು. ಅವಳು ನಕ್ಕರೆ ಆಚೆ ದಡದ ನಾಯಿಗಳು ಎದ್ದು ಬೊಗಳುತ್ತಿದ್ದವಂತೆ. ಅಂಥ ನಗು.

ಆ ಅಳಿವೆ ಮಾತ್ರ ಮಹಾ ಪೋಕರಿ. ವರ್ಷಕ್ಕೆ ಎರಡೋ ಮೂರೋ ದೋಣಿ ಮಗುಚದೆ ಅದಕ್ಕೆ ಸಮಾಧಾನವಿಲ್ಲ. ದೋಣಿ ಮಗುಚಿದರೆ ಊರವರು ದಡದಲ್ಲಿ ನಿಂತು ಎದೆ ಬಡಿದುಕೊಳ್ಳುತ್ತಿದ್ದರು, ನೀರಿಗೆ ಇಳಿಯುತ್ತಿರಲಿಲ್ಲ. ಕಡಲು ಬಾಯಿಗೆ ಹಾಕಿಕೊಂಡದ್ದನ್ನು ಕಿತ್ತುಕೊಳ್ಳಬಾರದು, ಕಿತ್ತುಕೊಂಡರೆ ಕಿತ್ತವರ ಮನೆಯಿಂದಲೇ ಒಬ್ಬರನ್ನು ಕೇಳುತ್ತದೆ ಅಂತ ಹಿರಿಯರ ಮಾತು.

ಒಂದು ದಿನ ಬೆಳಿಗ್ಗೆ ಬುದವಂತಿ ಚಿಪ್ಪು ಹೆಕ್ಕುತ್ತಿದ್ದಾಗ ಅವಳ ಕಣ್ಣೆದುರೇ ಪರವೂರ ದೋಣಿಯೊಂದು ತಲೆಕೆಳಗಾಯಿತು. ಅವಳು ಹಿರಿಯರ ಮಾತು ನೆನೆಯಲೂ ಇಲ್ಲ, ಮರೆಯಲೂ ಇಲ್ಲ. ಬುಟ್ಟಿ ಎಸೆದಳು, ಕುತ್ತಿಗೆ ಮಟ್ಟ ನೀರಿಗೆ ಹೋದಳು, ಎರಡು ಕೈಯಲ್ಲಿ ಇಬ್ಬರ ಜುಟ್ಟು ಹಿಡಿದು ಎಳೆದು ತಂದಳು. ಊರು ನಡುಗಿತು. ಇನ್ನು ಕಡಲು ಸುಮ್ಮನಿರುತ್ತದಾ ಅಂತ ಎಲ್ಲರೂ ಬಾಗಿಲು ಹಾಕಿಕೊಂಡು ಕೂತರು. ಮರುದಿನ ಕಡಲು ಕೊಟ್ಟದ್ದೇನು? ಬಲೆ ಹರಿಯುವಷ್ಟು ತಾರಲೆ ಮೀನು! ಕೆಲವರು ಏಳು ದೋಣಿ ತುಂಬಿತ್ತು ಅನ್ನುತ್ತಾರೆ, ಕೆಲವರು ಇಪ್ಪತ್ತು ಅನ್ನುತ್ತಾರೆ. ನಮ್ಮಜ್ಜಿ ಹೇಳುವಾಗ ಎಣಿಸುತ್ತಲೇ ಇರಲಿಲ್ಲ.

ಆ ಸಂಜೆ ಊರಿನ ಮೀನು ದೋಣಿಗಳ ಯಜಮಾನ ಜಟ್ಟಪ್ಪ ತಾಂಡೇಲ ತಾನಾಗಿಯೇ ಅವಳ ಬಿಡಾರಕ್ಕೆ ಬಂದ. ತನ್ನ ಹಳೆಯ ದೋಣಿಯೊಂದಿದೆ, ತೇಪೆ ಹಾಕಿದರೆ ತೇಲುತ್ತದೆ, ಇನ್ನು ಮುಳುಗುವವರನ್ನು ಅದರಲ್ಲೇ ಹೋಗಿ ತರುವ ಅಂದ. ಹುಟ್ಟು ಹಾಕಲು ಮೂರು ಗಟ್ಟಿ ಆಳುಗಳನ್ನೂ ಕರೆತಂದ. ಬುದವಂತಿ ಮುಂದೆ ಕೂತು ದಾರಿ ಹೇಳುವವಳು, ಜಟ್ಟಪ್ಪ ಹಿಂದೆ ಚುಕ್ಕಾಣಿಗೆ. ಅವರು ಮಾಡಿಕೊಂಡ ಕಟ್ಟಳೆ ಮೂರೇ. ಒಂದು ಮನೆಯಿಂದ ಒಬ್ಬರೇ, ದೋಣಿ ಮುಳುಗಿದರೂ ಯಾವ ಮನೆಯೂ ಪೂರ್ತಿ ಬರಿದಾಗಬಾರದು. ಎಲ್ಲರ ಸೊಂಟಕ್ಕೂ ತೆಂಗಿನ ನಾರಿನ ಹಗ್ಗ. ಬದುಕಿ ಉಳಿದವರಿಂದ ಒಂದು ತೆಂಗಿನಕಾಯಿಯನ್ನೂ ಮುಟ್ಟಬಾರದು. ಒಂದು ಮಳೆಗಾಲ ಜಟ್ಟಪ್ಪನ ಭುಜದ ಎಲುಬು ಮುರಿಯಿತು. ಇನ್ನೊಂದು ಮಳೆಗಾಲ ದೋಣಿಗೆ ನೀರು ತುಂಬಿ ಮಗುಚಿ, ಐವರೂ ಅದರ ಬೆನ್ನಿಗೆ ಅಂಟಿಕೊಂಡು ಬಂದರು. ಮನೆಯ ಹೆಂಗಸರು ಬೈದರು, ಅತ್ತರು, ಮತ್ತೆ ತಾವೇ ಹಗ್ಗ ಹೊಸೆದು ಕೊಟ್ಟರು.

ಈಗ ದಿಬ್ಬಣದ ವಿಷಯ ಕೇಳಿ.

ಮಳೆಗೆ ಇನ್ನೂ ಹದಿನೈದು ದಿನ ಇತ್ತಂತೆ. ಆಚೆ ದಡದ ಹುಡುಗಿ, ಈಚೆ ದಡದ ಹುಡುಗ. ಹೆಣ್ಣಿನ ಕಡೆಯವರು ಮದುಮಗಳು, ವಾಲಗದವರು, ಅಂಬಿಗ ಎಲ್ಲ ಸೇರಿ ಹನ್ನೊಂದು ಜನ ದೋಣಿ ಹತ್ತಿ ಹೊರಟರು. ನಡು ಹೊಳೆಗೆ ಬರುವಾಗ ಮೂಡಣದಿಂದ ಗಾಳಿ ಎದ್ದಿತು. ದೋಣಿಯನ್ನು ಎತ್ತಿ ಒಯ್ದು ಅಳಿವೆಯ ಮರಳ ದಿಬ್ಬದ ಮೇಲೆ ಕುಕ್ಕಿತು. ಕಡಲ ತೆರೆಗಳು ಬಂದು ಬಂದು ಅದರ ಹಲಗೆ ಬಿಚ್ಚತೊಡಗಿದವು.

ಐವರು ಹೊರಟರು. ಬುದವಂತಿ ಎಡಕ್ಕೆ ಅಂದರೆ ಎಡಕ್ಕೆ, ತಡೆ ಅಂದರೆ ತಡೆ. ಹೀಗೆ ದಿಬ್ಬದ ಮಗ್ಗುಲಿಗೆ ಹೋಗಿ ನಿಂತರೆ, ಇವರ ದೋಣಿ ಹಿಡಿಯುವುದು ಹನ್ನೆರಡು ಜನರನ್ನು, ಈಗ ಆಗುವುದು ಹದಿನಾರು. ಎರಡು ಸಲ ಬರುವಷ್ಟು ಹೊತ್ತು ಆ ಹಲಗೆಗಳು ತಾಳುವುದಿಲ್ಲ.

"ನಾಲ್ವರು ಇಳಿಯುವ, ಭಾವ," ಜಟ್ಟಪ್ಪನಿಗೆ ಅಂದಳು ಬುದವಂತಿ. "ನೀವು ಚುಕ್ಕಾಣಿ ಬಿಡಬೇಡಿ."

"ಇಳಿದು?"

"ದೋಣಿ ಅಂಚಿಗೆ ಜೋತು ಬೀಳುವ. ಹುಟ್ಟು ಹಾಕಲು ದಿಬ್ಬಣದ ಗಂಡಸರಿಲ್ವಾ? ಊಟಕ್ಕೆ ಮಾತ್ರ ಬಂದವರಾ ಅವರು?"

ನಾಲ್ವರೂ ನೀರಿಗೆ ಇಳಿದರು. ಹನ್ನೊಂದು ಜನ ದೋಣಿಗೆ ಹತ್ತಿದರು. ಆಗ ಬುದವಂತಿ ಕಾಲಲ್ಲಿ ತಡಕಿದಳು. ಮರಳಿಲ್ಲ. ಮತ್ತೆ ತಡಕಿದಳು, ಇಲ್ಲ. ಹುಟ್ಟಿದ ಮೇಲೆ ಮೊದಲ ಸಲ ಅವಳ ಕಾಲು ಕುರುಡಾಯಿತು. ಇಳಿತದ ನೀರು ಹೊರಕ್ಕೆ ಎಳೆಯುತ್ತಿದೆ, ತೆರೆ ಒಳಕ್ಕೆ ನುಗ್ಗುತ್ತಿದೆ, ಎರಡೂ ಮುಟ್ಟುವಲ್ಲಿ ನೀರು ಗೋಡೆಯಂತೆ ಎದ್ದು ನಿಂತಿದೆ. ಊರಿನ ದಡಕ್ಕೆ ತಿರುಗಿದರೆ ಸಾವು.

"ಭಾವ, ಕಡಲಿಗೇ ಬಿಡಿ!" ಅಂತ ಕೂಗಿದಳು. "ತೆರೆ ಒಡೆಯುವ ಜಾಗ ದಾಟಿದರೆ ಆಚೆ ನೀರು ಮೆತ್ತಗಿದೆ. ಊರ ಗುಡ್ಡ ಸುತ್ತಿ ಅದರಾಚೆ ತೆಂಕಣ ಮರಳಿಗೆ ಹತ್ತಿಸುವ!"

ಜಟ್ಟಪ್ಪ ದೋಣಿಯ ಮೂತಿಯನ್ನು ಕಡಲಿಗೆ ತಿರುಗಿಸಿದ.

ದಡದವರಿಗೆ ಕಂಡದ್ದು ಇಷ್ಟೇ. ದೋಣಿ ಮೊದಲ ತೆರೆ ಹತ್ತಿತು, ಎರಡನೆಯದು ಹತ್ತಿತು, ಮೂರನೆಯದರ ಹಿಂದೆ ಮಾಯವಾಯಿತು. ಕಾದರು. ಬರಲಿಲ್ಲ. ಮದುವೆ ಚಪ್ಪರದ ಕೆಳಗೇ ಅಳು ಎದ್ದಿತು. ಮದುಮಗ ಬಾಸಿಂಗ ಬಿಚ್ಚಿ ಮಡಿಲಲ್ಲಿ ಇಟ್ಟುಕೊಂಡು ಕಲ್ಲಿನಂತೆ ಕೂತ. ಒಲೆಗೆ ನೀರು ಹಾಕಲು ಹೇಳಿದರು.

ಆಗ ತೆಂಕಣ ಗುಡ್ಡದ ಆಚೆಯಿಂದ ಒಂದು ಸದ್ದು. ದಬ್. ದಬ್. ಒದ್ದೆ ಮೂಟೆಗೆ ಬಡಿದ ಹಾಗೆ. ಜೊತೆಗೆ ಉಪ್ಪು ನೀರು ಕುಡಿದ ವಾಲಗದ ಕೀರಲು ದನಿ. ಅದರ ಮೇಲೆ, ಎಲ್ಲವನ್ನೂ ಮುಚ್ಚಿ ಹಾಕುವ ಒಂದು ನಗು. ಊರ ನಾಯಿಗಳೆಲ್ಲ ಎದ್ದವು!

ಗುಡ್ಡ ಇಳಿದು ದಿಬ್ಬಣ ಬಂತು. ಮದುಮಗಳ ಸೀರೆಯಿಂದ ನೀರು ಸೋರುತ್ತಿತ್ತು, ಮುಡಿಯಲ್ಲಿ ಹೂವಿನ ಬದಲು ಕಡಲ ಪಾಚಿ. ಹದಿನಾರಕ್ಕೆ ಹದಿನಾರೂ ಜೀವ. ಬುದವಂತಿಯ ಕೈಗಳು ಮಾತ್ರ ಮುಷ್ಟಿಯಾಗಿಯೇ ಉಳಿದಿದ್ದವು. ದೋಣಿ ಹಿಡಿದ ಬೆರಳು ಬಿಚ್ಚುತ್ತಲೇ ಇರಲಿಲ್ಲ. ಮದುಮಗಳು ಅವಳ ಪಕ್ಕ ಕೂತು, ಬಿಸಿನೀರಲ್ಲಿ ಅದ್ದಿ, ಒಂದೊಂದೇ ಬೆರಳು ಬಿಡಿಸಿದಳಂತೆ.

ಪುರೋಹಿತರಾದ ಭಟ್ಟರು ಮುಹೂರ್ತ ಮೀರಿತು ಅಂದರು.

"ಭಟ್ಟರೇ," ಅಂದಳು ಬುದವಂತಿ, "ಇವರು ಬದುಕಿ ಬಂದ ಗಳಿಗೆಗಿಂತ ಒಳ್ಳೆ ಗಳಿಗೆ ನಿಮ್ಮ ಪಂಚಾಂಗದಲ್ಲಿ ಉಂಟಾ?"

ಭಟ್ಟರು ಪುಸ್ತಕ ಮುಚ್ಚಿ ನಕ್ಕರು. ಒಲೆ ಮತ್ತೆ ಹೊತ್ತಿತು. ಆ ಮದುವೆಯ ಊಟ ಮೂರು ದಿನ ನಡೆಯಿತು ಅನ್ನುತ್ತಾರೆ.

ಬುದವಂತಿ ಹೋಗಿ ಎಷ್ಟೋ ತಲೆಮಾರಾಯಿತು. ಆದರೂ ಅಳಿವೆಕೋಣಿಯಲ್ಲಿ ಮಳೆ ನಿಂತು ದೋಣಿ ಇಳಿಸುವ ದಿನ ಬುದವಂತಿಯ ಆಟ ಆಡುತ್ತಾರೆ. ಊರ ಹೆಂಗಸರು ಗಂಡಸರು ಹೊಳೆಗೆ ಹಾರಿ, ಮುಳುಗಿದೆ ಮುಳುಗಿದೆ ಅಂತ ಬೊಬ್ಬೆ ಹೊಡೆಯುತ್ತಾರೆ. ಐವರು ದೋಣಿಯಲ್ಲಿ ಹೋಗಿ ಒಬ್ಬೊಬ್ಬರನ್ನೇ ಎಳೆದು ತಂದು ಬಿಸಿ ಗಂಜಿ ಕುಡಿಸುತ್ತಾರೆ.

ಹೋದ ಸಲ ಘಟ್ಟದ ಮೇಲಿನಿಂದ ಹೊಸದಾಗಿ ಬಂದ ಮಾಸ್ತರು, ಇದು ಆಟ ಅಂತ ತಿಳಿಯದೆ, ಅಂಗಿ ಚಪ್ಪಲಿ ಸಮೇತ ಹಾರಿಬಿಟ್ಟರು. ಅವರಿಗೆ ಈಜು ಬರುವುದಿಲ್ಲ! ಎಲ್ಲರೂ ಆಟ ಬಿಟ್ಟು ಅವರನ್ನೇ ಎಳೆದು ತಂದರು.

"ಈಜು ಬಾರದೆ ಯಾಕೆ ಹಾರಿದಿರಿ ಮಾರಾಯ್ರೇ?" ಅಂತ ಕೇಳಿದರೆ, ಮಾಸ್ತರು ಬಾಯಿಂದ ನೀರು ಉಗುಳಿ, "ನೀವು ಕೂಗಿದಿರಲ್ಲ?" ಅಂದರು.

ಈ ವರ್ಷ ದೋಣಿಯ ಐವರಲ್ಲಿ ಮಾಸ್ತರೂ ಒಬ್ಬರು. ಈಜು ಕಲಿಯುತ್ತಿದ್ದಾರೆ.